ಎಂಟು ನಂಬರ್ ಕಡ್ಡಿ, ಅರಿಶಿನ ಬಣ್ಣದ ಉಲ್ಲನ್: ಒಂದು ಸ್ವೆಟರಿನ ಕೆಲಸದ ಡೈರಿ

ಮಾಡಿದ್ದು: ಎಂಟು ವರ್ಷದ ಮಗಳಿಗೆ ತಲೆಯಿಂದ ಹಾಕಿಕೊಳ್ಳುವ ಸ್ವೆಟರ್. ಕುತ್ತಿಗೆಯಿಂದ ಕೆಳಕ್ಕೆ ಸುತ್ತಾಗಿ ಹೆಣೆದದ್ದು, ಎಲ್ಲೂ ಜೋಡಣೆ ಹೊಲಿಗೆ ಇಲ್ಲ. ಬಣ್ಣ ಅರಿಶಿನ, ಎದೆಯ ಮೇಲೆ ಕುಂಕುಮ ಬಣ್ಣದ ಕಸೂತಿ ಗೋಪುರ. ಗಡುವು ನವೆಂಬರ್ 1. ಬೆಳಗಾವಿಯಲ್ಲಿ ರಾಜ್ಯೋತ್ಸವ ಅಂದರೆ ಚನ್ನಮ್ಮ ಸರ್ಕಲ್ಲಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಮಗಳಿಗೆ ಅಲ್ಲಿಗೆ ಹಳದಿ-ಕೆಂಪು ಹಾಕಿಕೊಂಡೇ ಹೋಗಬೇಕಿತ್ತು.

ನಾನು ಉದ್ಯಮಬಾಗದ ಒಂದು ವರ್ಕ್‌ಶಾಪಿನಲ್ಲಿ ಟರ್ನರ್, ಲೇಥ್ ಮಷೀನಿನ ಮೇಲೆ ಕೆಲಸ. ಹೆಣಿಗೆ ಕಲಿಸಿದ್ದು ಅಜ್ಜಿ, ಮಫ್ಲರ್ ತನಕ. ಹೆಣೆಯುವವರ ಒಂದು ವಾಟ್ಸ್ಯಾಪ್ ಗುಂಪಿಗೆ ಸೇರಿಸಿದ್ದು ವೈನಿ. ಹೆಚ್ಚಿನವರು ಬಾಗಲಕೋಟೆ, ವಿಜಯಪುರ, ಗೋಕಾಕದ ಕಡೆಯವರು, ನನ್ನನ್ನು ಬಿಟ್ಟರೆ ಎಲ್ಲರೂ ಹೆಣ್ಣುಮಕ್ಕಳು. ಗುಂಪಿಗೆ ನಿಯಮ ಅಂತ ಹೆಚ್ಚೇನಿಲ್ಲ. ಎಲ್ಲರೂ ಒಟ್ಟಿಗೆ ಒಂದೊಂದು ಸ್ವೆಟರ್ ಶುರು ಮಾಡುವುದು, ರವಿವಾರ ಸಂಜೆ ಎಷ್ಟಾಗಿದೆಯೋ ಅಷ್ಟರ ಫೋಟೊ ಹಾಕುವುದು, ಆಗದಿದ್ದರೆ ಬಿಡುವುದು. ಯಾರೂ ಯಾರಿಗೂ ‘ಯಾಕ ಆಗಿಲ್ಲ’ ಅಂತ ಕೇಳುವ ಹಾಗಿಲ್ಲ. ನಾನು ಸೇರಿದ ದಿನ ಬಾಗಲಕೋಟೆ ನವನಗರದ ಕಾಕು ಹಾಕಿದ ಮೊದಲ ವಾಯ್ಸ್ ಮೆಸೇಜು: “ಗಂಡಸರು ಸ್ವೆಟರ್ ಹಾಕ್ಕೊಳ್ಳೋದ ನೋಡೇನಿ, ಹೆಣಿಯೋದ ನೋಡಿಲ್ಲ. ಬಾ ಯಪ್ಪಾ, ಛಲೋ ಆತು.”

ಜುಲೈ 6. ಸಾಮಾನು

ಖಡೇಬಜಾರದ ಕಡೆಯ ಒಂದು ಅಂಗಡಿಯಲ್ಲಿ ಅಕ್ರಿಲಿಕ್ ಉಲ್ಲನ್, 50 ಗ್ರಾಂ ಉಂಡೆಗೆ 45 ರೂಪಾಯಿ. ಗುಂಪಿನಲ್ಲಿ ಅದೇ ಅರಿಶಿನ ಬಣ್ಣ ಬೇಕು ಅಂದವರು ಇನ್ನೂ ಇಬ್ಬರಿದ್ದರು. ಮೂವರದ್ದೂ ಸೇರಿಸಿ ಪೂರ್ತಿ ಪಾಕೀಟು ತಗೊಂಡಿದ್ದಕ್ಕೆ ಉಂಡೆಗೆ 40 ಹಾಕಿಕೊಟ್ಟರು. ನನ್ನ ಪಾಲು ಅರಿಶಿನದ ಉಂಡೆ 6, ಕುಂಕುಮದ್ದು 1, ಒಟ್ಟು 280 ರೂಪಾಯಿ. ಐದು ರೂಪಾಯಿ ಉಳಿದದ್ದಕ್ಕಿಂತ ಎಲ್ಲರ ಉಂಡೆಯ ಮೇಲೂ ಒಂದೇ ಲಾಟ್ ನಂಬರ್ (ಒಂದೇ ಸಲ ಬಣ್ಣ ಹಾಕಿದ್ದು ಅನ್ನುವ ಗುರುತು) ಬಂದದ್ದು ದೊಡ್ಡ ಲಾಭ. ಅದು ಗೊತ್ತಾಗಿದ್ದು ಅಕ್ಟೋಬರಿನಲ್ಲಿ.

ಕಡ್ಡಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಅಂಗಡಿಗಳಲ್ಲಿ ಸಿಗುವ ಕಡ್ಡಿಗೆ ಹಳೆಯ ಬ್ರಿಟಿಷ್ ನಂಬರ್. ನಂಬರ್ ಏರಿದಷ್ಟೂ ಕಡ್ಡಿ ತೆಳು. 8 ನಂಬರ್ ಅಂದರೆ 4 ಮಿ.ಮೀ., 10 ನಂಬರ್ ಅಂದರೆ 3.25 ಮಿ.ಮೀ. ಅಜ್ಜಿಯ ಡಬ್ಬಿಯಲ್ಲಿದ್ದ ಅಲ್ಯೂಮಿನಿಯಂ ಕಡ್ಡಿಗಳ ನಂಬರ್ ಅಳಿಸಿಹೋಗಿತ್ತು. ವರ್ಕ್‌ಶಾಪಿಗೆ ಒಯ್ದು ವರ್ನಿಯರ್ (ದಪ್ಪ ಅಳೆಯುವ ಸಾಧನ) ಹಚ್ಚಿದೆ. ಒಂದು ಜೋಡಿ ಸರಿಯಾಗಿ 4.0 ಬಂತು. ಇನ್ನೊಂದು ಜೋಡಿ ಅಂದುಕೊಂಡದ್ದು ಜೋಡಿಯೇ ಅಲ್ಲ: ಒಂದು 3.25, ಒಂದು 3.0. ಕಣ್ಣಿಗೆ ಎರಡೂ ಒಂದೇ. ಅಂಥದ್ದರಲ್ಲಿ ಹೆಣೆದರೆ ಒಂದು ಸಾಲು ಸಡಿಲ, ಒಂದು ಸಾಲು ಬಿಗಿ.

ಸುತ್ತಾಗಿ ಹೆಣೆಯಲು ತಂತಿ ಇರುವ ಸರ್ಕ್ಯುಲರ್ ಕಡ್ಡಿ ಬೇಕು. 4 ಮಿ.ಮೀ. 80 ಸೆಂ.ಮೀ. ಉದ್ದದ್ದಕ್ಕೆ 150, 3.25ರದ್ದಕ್ಕೆ 140. ಪ್ಯಾಕಿನಿಂದ ತೆಗೆದಾಗ ತಂತಿ ಸ್ಪ್ರಿಂಗಿನ ಹಾಗೆ ಸುರುಳಿ ಸುತ್ತುತ್ತದೆ. ಬಿಸಿನೀರಿನಲ್ಲಿ ಅರ್ಧ ನಿಮಿಷ ಅದ್ದಿ, ಎಳೆದು ನೇರ ಹಿಡಿದರೆ ಮಾತು ಕೇಳುತ್ತದೆ.

ಗುರುತಿಗೆ ಹಾಕುವ ರಿಂಗು ಅಂತ ಪ್ಲಾಸ್ಟಿಕ್ಕಿನವು ಮಾರುತ್ತಾರೆ. ನಾನು ಹೈಡ್ರಾಲಿಕ್ ಕೆಲಸದಲ್ಲಿ ಉಳಿಯುವ ಸಣ್ಣ ರಬ್ಬರ್ ಬಳೆ, ಓ-ರಿಂಗ್, ಹಾಕಿದೆ. ಒಳಗಿನ ಅಳತೆ 6 ಮಿ.ಮೀ. ಇದ್ದರೆ 4 ಮಿ.ಮೀ. ಕಡ್ಡಿಯ ಮೇಲೆ ಆರಾಮಾಗಿ ಜಾರುತ್ತದೆ. ಹೊಸದೇ ಇರಬೇಕು, ಎಣ್ಣೆ ಹತ್ತಿದ್ದು ಬೇಡ. ಫೋಟೊ ನೋಡಿ ಗುಂಪಿನಲ್ಲಿ ಅರ್ಧ ಜನ ಕೇಳಿದರು, ಒಂದೊಂದು ಹಿಡಿ ಕಳಿಸಿಕೊಟ್ಟೆ.

ಜುಲೈ 13. ಸ್ಯಾಂಪಲ್ ತುಂಡು

ಸ್ವೆಟರಿಗೆ ಮೊದಲು ಒಂದು ಸಣ್ಣ ತುಂಡು ಹೆಣೆದು, ಎಷ್ಟು ಅಗಲಕ್ಕೆ ಎಷ್ಟು ಕುಣಿಕೆ ಅಂತ ಅಳೆಯಬೇಕು. ಗುಂಪು ಮೊದಲು ಎಡವಿದ್ದು ಇಲ್ಲಿ. ಕಾಕು ನಲವತ್ತು ವರ್ಷದಿಂದ ಹೆಣೆಯುವವರು, ಲೆಕ್ಕ ಎಲ್ಲ ಬಾಯಲ್ಲೇ: “ಎಂಟು ವರ್ಷದ ಹುಡುಗಿಗೆ ಎದಿಗೆ 142 ಕುಣಿಕಿ, ಕಣ್ಣ ಮುಚ್ಚಿ ಹಾಕು.” ನಾಲ್ಕು ಜನ ಹಾಕಿಯೂ ಬಿಟ್ಟರು. ನಾಲ್ಕೂ ಬೇರೆ ಬೇರೆ ಅಗಲ. ಗೋಕಾಕದ ಟೀಚರದ್ದಂತೂ ದೊಡ್ಡವರಿಗೆ ಆಗುವಷ್ಟು. ಅವರು ಅಮೆರಿಕದ ಒಂದು ವಿಡಿಯೊ ನೋಡಿ ಆನ್‌ಲೈನಿನಲ್ಲಿ ‘8’ ಅಂತ ಇರುವ ಕಡ್ಡಿ ತರಿಸಿದ್ದರು. ಅಮೆರಿಕದ 8 ಅಂದರೆ 5 ಮಿ.ಮೀ., ನಮ್ಮ 8 ಅಂದರೆ 4. ಅಲ್ಲಿ ನಂಬರ್ ಏರಿದರೆ ಕಡ್ಡಿ ದಪ್ಪ, ಇಲ್ಲಿ ತೆಳು. ಆವತ್ತಿನಿಂದ ಗುಂಪಿನಲ್ಲಿ ನಂಬರ್ ಹೇಳುವುದು ಬಂದ್, ಮಿ.ಮೀ. ಮಾತ್ರ.

ಕಡ್ಡಿ ಒಂದೇ ಇದ್ದರೂ ಕೈ ಒಂದೇ ಅಲ್ಲ. ಕಾಕುವಿನ ಕೈಯಲ್ಲಿ 4 ಮಿ.ಮೀ. ಕಡ್ಡಿಗೆ 10 ಸೆಂ.ಮೀ. ಅಗಲದಲ್ಲಿ 20 ಕುಣಿಕೆ ಕೂರುತ್ತವೆ. ನನ್ನದು ಬಿಗಿ ಕೈ, 22. ಎತ್ತರದಲ್ಲಿ 10 ಸೆಂ.ಮೀ.ಗೆ 30 ಸಾಲು. ಅವರ 142 ನನ್ನ ಕೈಯಲ್ಲಿ 64.5 ಸೆಂ.ಮೀ. ಮಗಳ ಎದೆಯೇ 64. ಉಸಿರಾಡಲೂ ಜಾಗ ಉಳಿಯುತ್ತಿರಲಿಲ್ಲ.

ತುಂಡು ಹೆಣೆಯುವ ಕ್ರಮ: 40 ಕುಣಿಕೆ ಹಾಕಿ 12 ಸೆಂ.ಮೀ. ಎತ್ತರ ಹೆಣೆಯುವುದು, ಒಗೆದು ಒಣಗಿಸುವುದು, ಅಂಚು ಬಿಟ್ಟು ನಡುವಿನ 10 ಸೆಂ.ಮೀ. ಮಾತ್ರ ಸ್ಟೀಲ್ ಸ್ಕೇಲಿನಿಂದ ಅಳೆಯುವುದು. ಬಟ್ಟೆ ಟೇಪು ಬೇಡ, ಅದು ಹಿಗ್ಗುತ್ತದೆ. ಹಿಂದೆ-ಮುಂದೆ ತಿರುಗಿಸಿ ಸೀದಾ-ಉಲ್ಟಾ ಹೆಣೆದ ತುಂಡಿನಲ್ಲಿ ನನಗೆ 21 ಬಂದಿತ್ತು. ಸುತ್ತಾಗಿ ಹೆಣೆದದ್ದರಲ್ಲಿ 22. ಉಲ್ಟಾ ಸಾಲಿನಲ್ಲಿ ನನ್ನ ಕೈ ಸಡಿಲಾಗುತ್ತದೆ, ಸುತ್ತು ಹೆಣಿಗೆಯಲ್ಲಿ ಉಲ್ಟಾ ಸಾಲೇ ಇಲ್ಲ. ಹಾಗಾಗಿ ಸ್ವೆಟರ್ ಹೇಗೆ ಹೆಣೆಯುತ್ತೀರೋ ಸ್ಯಾಂಪಲ್ಲೂ ಹಾಗೇ ಇರಬೇಕು.

ಇದೇ ತುಂಡಿನ ಮೇಲೆ ಇಸ್ತ್ರಿ ಪ್ರಯೋಗವೂ ಆಯಿತು. ಅಂಚಿಗೆ ಹಿಗ್ಗುವಂತೆ ಹೆಣೆಯುವ ಬಾರ್ಡರಿನ ಮೇಲೆ ಬಿಸಿ ಇಸ್ತ್ರಿ ಇಟ್ಟ ಕೂಡಲೇ ಅಕ್ರಿಲಿಕ್ ಜೀವ ಕಳಕೊಂಡು ಚಪ್ಪಟೆಯಾಯಿತು. ಎಳೆದರೆ ಹಿಗ್ಗುತ್ತದೆ, ವಾಪಸ್ ಬರುವುದಿಲ್ಲ. ಒದ್ದೆ ಬಟ್ಟೆ ಮೇಲಿಟ್ಟು, ಇಸ್ತ್ರಿ ತಾಗಿಸದೆ ಆವಿ ಮಾತ್ರ ಕೊಟ್ಟರೆ ಸಾಕು. ಬಾರ್ಡರಿಗೆ ಅದೂ ಬೇಡ.

ಒಂದು ಅಡ್ಡಮಾತು. ಗುಂಪಿನಲ್ಲಿ ಒಬ್ಬರು, ನಮ್ಮ ಕುರಿಯ ಉಣ್ಣೆ ಇರುವಾಗ ಈ ಪ್ಲಾಸ್ಟಿಕ್ ಯಾಕೆ ಅಂದರು. ಮಾತು ಸರಿ ಅನಿಸಿತು. ಕಂಬಳಿ ನೇಯುವವರ ಹತ್ತಿರ ಕೈಯಲ್ಲಿ ನೂತ ಕರಿ ಉಣ್ಣೆ 120 ರೂಪಾಯಿಯದ್ದು ತಂದು ತುಂಡು ಹೆಣೆದೆ. ದಖ್ಖನಿ ಕುರಿಯ ಉಣ್ಣೆ ಒರಟು, ಎಳೆ ಗಿಡ್ಡ. ಕಂಬಳಿಗೆ ಅದು ಸರಿ, ಹುಣಸೆ ಬೀಜದ ಗಂಜಿ ಉಂಡು ಗಟ್ಟಿಯಾಗುತ್ತದೆ. ಕಡ್ಡಿಯ ಮೇಲೆ ಎಳೆದಲ್ಲೆಲ್ಲ ತುಂಡಾಯಿತು. ಕುತ್ತಿಗೆಗೆ ಹಿಡಿದ ಮಗಳು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಳು: “ಚುಚ್ಚತೈತಿ.” ಆ ತುಂಡು ಈಗ ಬಿಸಿ ಪಾತೆಲಿ ಇಳಿಸುವ ಅರಿವೆ.

ಜುಲೈ 20. ಲೆಕ್ಕ

ಎದೆ 64, ಸಡಿಲು 7, ಒಟ್ಟು 71 ಸೆಂ.ಮೀ. ಸೆಂ.ಮೀ.ಗೆ 2.2ರಂತೆ 156 ಕುಣಿಕೆ. 156 ನಾಲ್ಕರಿಂದ ಭಾಗವಾಗುತ್ತದೆ, ಅಂದರೆ 2 ಸೀದಾ 2 ಉಲ್ಟಾ ಬಾರ್ಡರ್ ಸರಿಯಾಗಿ ಕೂಡುತ್ತದೆ.

ಕುತ್ತಿಗೆ 84 ಕುಣಿಕೆ, 38 ಸೆಂ.ಮೀ. ಅದನ್ನು ಬೆನ್ನಿಗೆ 28, ತೋಳಿಗೆ 14, ಎದೆಗೆ 28, ತೋಳಿಗೆ 14 ಅಂತ ಹಂಚಿ ನಾಲ್ಕು ಮೂಲೆಗೆ ನಾಲ್ಕು ಓ-ರಿಂಗ್. ಒಂದು ಸುತ್ತು ಬಿಟ್ಟು ಒಂದು ಸುತ್ತಿಗೆ ಪ್ರತಿ ರಿಂಗಿನ ಎರಡೂ ಬದಿಗೆ ಒಂದೊಂದು ಏರಿಸುವುದು, ಅಂದರೆ ಸುತ್ತಿಗೆ 8. ಕುತ್ತಿಗೆಯಿಂದ ಕಂಕುಳಿಗೆ ಓರೆ ಗೆರೆ ಇಳಿಯುವ ಈ ಕ್ರಮವೇ ರಾಗ್ಲಾನ್. ಎದೆ ಮತ್ತು ಬೆನ್ನು 28ರಿಂದ 72ಕ್ಕೆ ಹೋಗಲು 22 ಏರಿಕೆ ಸುತ್ತು. ಕಂಕುಳಲ್ಲಿ ಪ್ರತಿ ಬದಿಗೆ 6 ಹೊಸ ಕುಣಿಕೆ. 72ಕ್ಕೆ 6 ಕೂಡಿದರೆ 78, ಎರಡರಷ್ಟು 156.

ತೋಳನ್ನೂ 22 ಸುತ್ತು ಏರಿಸಿದರೆ 58, ಕಂಕುಳಿನ 6 ಸೇರಿ 64, ಅಂದರೆ 29 ಸೆಂ.ಮೀ. ಎಂಟು ವರ್ಷದವಳ ರಟ್ಟೆ 20. ಆ ತೋಳಲ್ಲಿ ಇಬ್ಬರು ಕೈ ತೂರಿಸಬಹುದು. ಅದಕ್ಕೆ ತೋಳಿನ ಏರಿಕೆ 16ಕ್ಕೆ ನಿಲ್ಲಿಸಿ, ಉಳಿದ 6 ಸುತ್ತಿನಲ್ಲಿ ಎದೆ-ಬೆನ್ನು ಮಾತ್ರ ಏರಿಸಿದೆ. ತೋಳು 46ಕ್ಕೆ 6 ಕೂಡಿ 52, 23.6 ಸೆಂ.ಮೀ. ಕಡ್ಡಿಯ ಮೇಲೆ ಕೊನೆಗೆ 236 ಕುಣಿಕೆ. ಏರಿಕೆಗೆ 44 ಸುತ್ತು, ಮೇಲೆ 4 ಸಾದಾ ಸುತ್ತು, ಒಟ್ಟು 16 ಸೆಂ.ಮೀ. ಆಳ.

ಈ ಲೆಕ್ಕ ಗುಂಪಿಗೆ ಹಾಕುವಾಗ ಅಂಕಿ ತೆಗೆದು ಖಾಲಿ ಬಿಟ್ಟೆ: ನಿಮ್ಮ 10 ಸೆಂ.ಮೀ. ಕುಣಿಕೆ ಇಲ್ಲಿ ಬರೆಯಿರಿ, ಎದೆಯ ಅಳತೆ ಇಲ್ಲಿ. ಹತ್ತಿರ ಹತ್ತಿರ ಎಲ್ಲರಿಗೂ ಬೇರೆ ಬೇರೆ ಉತ್ತರ ಬಂತು, ಬಂದ ಸ್ವೆಟರ್ ಮೈಗೆ ಸರಿಯಾಗಿ ಕೂತವು. ಕಾಕು ಮಾತ್ರ ಇನ್ನೂ 142 ಅಂತಲೇ ಅನ್ನುತ್ತಾರೆ. ಅವರ ಕೈಗೆ ಅದೇ ಸರಿ: 71ಕ್ಕೆ 2 ಗುಣಿಸಿದರೆ 142.

ಆಗಸ್ಟ್. ಕುತ್ತಿಗೆ, ಹೆಗಲು

ಕುತ್ತಿಗೆಯ ಮೊದಲ ಸಾಲು ಬಿಗಿಯಾಯಿತು. ಮಗಳ ತಲೆ ಸುತ್ತಳತೆ 52 ಸೆಂ.ಮೀ., ಅಂಚು 45ಕ್ಕೆ ನಿಂತುಬಿಟ್ಟಿತು, ಕಿವಿ ದಾಟಲಿಲ್ಲ. ಒಳಗಿನ ಬಾರ್ಡರ್ ಹಿಗ್ಗುತ್ತಿತ್ತು, ಅಂಚು ಒಂದೇ ಹಿಗ್ಗುತ್ತಿರಲಿಲ್ಲ. ಬಿಚ್ಚಿ, ಎರಡು ಕಡ್ಡಿ ಕೂಡಿಸಿ ಹಿಡಿದು ಅದರ ಮೇಲೆ 84 ಹಾಕಿ, ಒಂದನ್ನು ಎಳೆದು ತೆಗೆದ ಮೇಲೆ ಸಡಿಲು ಸಿಕ್ಕಿತು. ಸುತ್ತು ಕೂಡಿಸುವ ಮೊದಲು ಟೇಬಲ್ ಮೇಲೆ ಚಪ್ಪಟೆಯಾಗಿ ಹರಡಿ ನೋಡಲೇಬೇಕು, ಎಲ್ಲ ಕುಣಿಕೆಯ ಬುಡವೂ ಒಳಮುಖವಾಗಿರಬೇಕು. ಒಂದು ಕಡೆ ತಿರುಚಿದರೂ ಆಮೇಲೆ ಸರಿ ಮಾಡಲು ದಾರಿಯಿಲ್ಲ, ಬಿಚ್ಚುವುದೇ.

84 ಕುಣಿಕೆ 80 ಸೆಂ.ಮೀ. ತಂತಿಯನ್ನು ತುಂಬುವುದಿಲ್ಲ. ತಂತಿಯನ್ನು ನಡುವೆ ಒಂದು ಕಡೆ ಹೊರಗೆ ಎಳೆದು, ಅರ್ಧ ಕುಣಿಕೆ ಈ ಕಡ್ಡಿಗೆ, ಅರ್ಧ ಆ ಕಡ್ಡಿಗೆ ಮಾಡಿಕೊಂಡರೆ ನಡೆಯುತ್ತದೆ. ಬಾರ್ಡರ್ 3.25ರಲ್ಲಿ 3 ಸೆಂ.ಮೀ., ಆಮೇಲೆ 4 ಮಿ.ಮೀ.

ಐದಾರು ಸೆಂ.ಮೀ. ಇಳಿದ ಮೇಲೆ ಮಗಳಿಗೆ ಹಾಕಿ ನೋಡಿದರೆ ಮುಂದಿನ ಅಂಚು ಗಂಟಲು ಒತ್ತುತ್ತಿತ್ತು, ಹಿಂದೆ ಬೆನ್ನಿಗೆ ಜಾರುತ್ತಿತ್ತು. ಫೋಟೊ ನೋಡಿ ಕಾಕು ತಕ್ಷಣ ಹೇಳಿದರು: “ಮನಷ್ಯಾರ ಕುತ್ತಿಗಿ ಪೈಪಲ್ಲೋ ತಮ್ಮಾ. ಹಿಂದ ಏರಸಬೇಕು, ಮುಂದ ಇಳಸಬೇಕು.” ಬಾರ್ಡರ್ ತನಕ ಬಿಚ್ಚಿದೆ. ಬಾರ್ಡರ್ ಆದ ಕೂಡಲೇ ಬೆನ್ನು ಮತ್ತು ತೋಳಿನ ಭಾಗದಲ್ಲಿ ಮಾತ್ರ ಹೋಗಿ ಅರ್ಧಕ್ಕೇ ತಿರುಗಿ ಬರುವ 6 ಅರ್ಧಸಾಲು ಹಾಕಿದೆ. ಹಿಂದೆ 2 ಸೆಂ.ಮೀ. ಎತ್ತರ ಬಂತು, ಗಂಟಲು ಬಿಟ್ಟಿತು. ತಿರುಗುವ ಜಾಗದಲ್ಲಿ ತೂತು ಬೀಳದಂತೆ ಪಕ್ಕದ ಕುಣಿಕೆಗೆ ಉಲ್ಲನ್ ಒಂದು ಸುತ್ತು ಹಾಕಿ ತಿರುಗಬೇಕು.

ಏರಿಸುವುದು: ಎರಡು ಕುಣಿಕೆಯ ನಡುವಿನ ಅಡ್ಡ ಎಳೆಯನ್ನು ಕಡ್ಡಿಗೆ ಎತ್ತಿಕೊಂಡು, ತಿರುಚಿ ಹೆಣೆಯುವುದು. ತಿರುಚದಿದ್ದರೆ ಅಲ್ಲೊಂದು ಕಿಂಡಿ. ಗೋಕಾಕದ ಟೀಚರಿಗೆ ಆ ಕಿಂಡಿಯ ಸಾಲೇ ಚೆಂದ ಕಂಡು ಹಾಗೇ ಬಿಟ್ಟರು, ಅವರ ಸ್ವೆಟರಿಗೆ ಅದು ಒಪ್ಪುತ್ತದೆ ಕೂಡ.

ಗಣಪತಿ ಹಬ್ಬದಲ್ಲಿ ಗುಂಪು ಪೂರ್ತಿ ಸುಮ್ಮನಾಯಿತು. ನಾನೂ ವಿಸರ್ಜನೆ ಮುಗಿಯುವ ತನಕ ಕಡ್ಡಿ ಮುಟ್ಟಲಿಲ್ಲ.

ಸೆಪ್ಟೆಂಬರ್ 7. ತೋಳು ಬೇರೆ ಮಾಡಿದ್ದು

ತೋಳಿನ 46 ಕುಣಿಕೆಯನ್ನು ಬಿಳಿ ಹತ್ತಿ ದಾರಕ್ಕೆ ಏರಿಸಿ ಕಟ್ಟಿ ಬಿಟ್ಟೆ. ಕಂಕುಳಿಗೆ 6 ಹೊಸದು. ಈಗ 156ರ ಒಂದೇ ಸುತ್ತು. ಇಲ್ಲಿಂದ ಕೆಳಗೆ ತಲೆ ಬಿಸಿ ಮಾಡುವಂಥದ್ದು ಇಲ್ಲ. ವಿಡಿಯೊ ಕಾಲಿನಲ್ಲಿ ಮಾತಾಡುತ್ತಾ ಹೆಣೆಯಲು ಇದೇ ಸರಿಯಾದ ಭಾಗ.

ಸೆಪ್ಟೆಂಬರ್, ಮುಂದುವರಿದು. ಗೋಪುರ

ವಿಜಯಪುರದ ಅಕ್ಕಾರು ಕಸೂತಿ ಮಾಡುವವರು. ಇಳಕಲ್ ಸೀರೆಯ ಮೇಲೆ ಹಾಕುವ ಒಂದು ಗೋಪುರವನ್ನು ಗ್ರಾಫ್ ಹಾಳೆಯಲ್ಲಿ ಬರೆದು ಕಳಿಸಿದರು: 25 ಮನೆ ಅಗಲ, 25 ಮನೆ ಎತ್ತರ. ಕಸೂತಿ ಎಣಿಸಿಯೇ ಹಾಕುವ ಕೆಲಸ, ಹೆಣಿಗೆಯೂ ಎಣಿಕೆ. ಹಾಗಾಗಿ ನೇರ ಎತ್ತಿ ಹಾಕಿದರಾಯಿತು ಅಂದುಕೊಂಡು 26ರ ಆರು ಭಾಗ ಮಾಡಿ, ಎರಡು ಬಣ್ಣದ ಉಲ್ಲನ್ ಹಿಡಿದು ಸುತ್ತಾಗಿ ಹೆಣೆಯಲು ಶುರು ಮಾಡಿದೆ.

ಮೂರು ಕಡೆಯಿಂದ ಕೆಟ್ಟಿತು.

ಮೊದಲು ಆಕಾರ. ಹೆಣಿಗೆಯ ಕುಣಿಕೆ ಚೌಕ ಅಲ್ಲ, ಅಗಲ ಹೆಚ್ಚು, ಎತ್ತರ ಕಡಿಮೆ. 25 ಕುಣಿಕೆ ಅಗಲ ಅಂದರೆ 11.4 ಸೆಂ.ಮೀ., 25 ಸಾಲು ಎತ್ತರ ಅಂದರೆ 8.3. ಗ್ರಾಫಿನಲ್ಲಿ 45 ಡಿಗ್ರಿ ಇದ್ದ ಏರು ಸ್ವೆಟರಿನ ಮೇಲೆ 36ಕ್ಕೆ ಮಲಗಿತು. ಗೋಪುರ ಹೋಗಿ ಮೊಸರಿನ ಗಡಿಗೆ ಕೂತ ಹಾಗೆ ಕಂಡಿತು.

ಎರಡನೆಯದು ಹಿಂಬದಿ. ಕಸೂತಿ ಗೆರೆಯ ಕೆಲಸ, ಒಂದು ಗೆರೆಯಿಂದ ಇನ್ನೊಂದಕ್ಕೆ ಒಂಬತ್ತು-ಹತ್ತು ಕುಣಿಕೆ ದೂರ. ಅಷ್ಟು ದೂರ ಕೆಂಪು ಎಳೆ ಹಿಂದೆ ಸಡಿಲಾಗಿ ತೂಗುತ್ತದೆ, ಹಾಕಿಕೊಳ್ಳುವಾಗ ಮಗಳ ಬೆರಳು ಅದಕ್ಕೇ ಸಿಕ್ಕಿಕೊಳ್ಳುತ್ತಿತ್ತು. ನಾಲ್ಕೈದು ಕುಣಿಕೆಗೊಮ್ಮೆ ಎಳೆಯನ್ನು ಹಿಂದೆ ಸಿಕ್ಕಿಸುತ್ತಾ ಹೋದರೆ ಹಳದಿಯ ಸಂದಿನಲ್ಲಿ ಕೆಂಪು ಚುಕ್ಕೆ ಇಣುಕಿತು.

ಮೂರನೆಯದೇ ನಿಜವಾದ ಪೆಟ್ಟು. ಎರಡು ಬಣ್ಣ ಹಿಡಿದಾಗ ಕೈ ತಾನೇ ಬಿಗಿಯಾಗುತ್ತದೆ. ಆ ಭಾಗ ಅಳೆದರೆ 10 ಸೆಂ.ಮೀ.ಗೆ 24 ಕುಣಿಕೆ. 156 ಕುಣಿಕೆಯ ಸುತ್ತು 71 ಬದಲು 65 ಸೆಂ.ಮೀ. ಆಯಿತು. ಮೇಲೆ ಸಡಿಲು, ಕೆಳಗೆ ಸಡಿಲು, ನಡುವೆ ಡಮರು.

ಬಿಚ್ಚುವ ಮೊದಲು ಅಕ್ಕಾರಿಗೆ ಫೋಟೊ ಕಳಿಸಿದೆ. ಅವರು ಫೋನೇ ಮಾಡಿದರು. “ಕಸೂತಿ ಯಾಕ ನೇಯಲಿಕ್ಕೆ ಹತ್ತೀರಿ? ಅದು ಅರಿವಿ ಆದಮ್ಯಾಲೆ ಸೂಜಿಲೆ ಹಾಕೋದು ಅದ. ಮೊದಲ ಸಾದಾ ಹೆಣದ ಮುಗಸ್ರಿ.”

ಹಾಗೇ ಮಾಡಿದೆ. ಮೈ ಪೂರ್ತಿ ಅರಿಶಿನ ಬಣ್ಣದಲ್ಲಿ ಕಂಕುಳಿಂದ 21 ಸೆಂ.ಮೀ., 63 ಸುತ್ತು. ಕೆಳಗೆ 3.25ರಲ್ಲಿ 5 ಸೆಂ.ಮೀ. ಬಾರ್ಡರ್. ಮುಚ್ಚುವಾಗ ಮಾತ್ರ 4 ಮಿ.ಮೀ. ಕಡ್ಡಿ ಹಿಡಿದೆ, ಅಂಚು ಬಿಗಿಯಾಗಬಾರದು ಅಂತ. ಆಮೇಲೆ ಮೊಂಡು ತುದಿಯ ದಪ್ಪ ಸೂಜಿ, 15 ರೂಪಾಯಿ. ಕೆಂಪು ಉಲ್ಲನ್ ಪೋಣಿಸಿ, ಹಳದಿ ಕುಣಿಕೆ ಹೋದ ದಾರಿಯಲ್ಲೇ ಸೂಜಿ ಹೋಗಬೇಕು: ಕುಣಿಕೆಯ ಬುಡದಿಂದ ಮೇಲೆ ಬಂದು, ಮೇಲಿನ ಕುಣಿಕೆಯ ಎರಡು ಕಾಲಿನ ಹಿಂದೆ ಹಾದು, ಮತ್ತೆ ಅದೇ ಬುಡಕ್ಕೆ ಇಳಿಯುವುದು. ಕೆಂಪು ‘ವಿ’ ಹಳದಿ ‘ವಿ’ಯನ್ನು ಪೂರ್ತಿ ಮುಚ್ಚುತ್ತದೆ. ಎಳೆಯುವುದು ಹಗುರ ಇರಲಿ. ಜಗ್ಗಿದರೆ ಹಳದಿ ಇಣುಕುತ್ತದೆ, ಅರಿವೆ ಮುದುಡುತ್ತದೆ. ಗಂಟು ಹಾಕಬೇಡಿ, ಅಕ್ಕಾರಿಗೆ ಗಂಟು ಅಂದರೆ ಆಗುವುದಿಲ್ಲ. ಕಸೂತಿಯ ಗವಂತಿ ಹೊಲಿಗೆಯಲ್ಲಿ ಎಳೆ ಹೋದ ದಾರಿಯಲ್ಲೇ ತಿರುಗಿ ಬಂದು ಎರಡೂ ಮೈ ಒಂದೇ ಆಗುತ್ತದೆ. ಇಲ್ಲಿ ಹಿಂಬದಿ ಅಷ್ಟು ಚೆಂದ ಬರುವುದಿಲ್ಲ. ಆದರೆ ತುದಿಯನ್ನು ಹಿಂದೆ ಏಳೆಂಟು ಕುಣಿಕೆ ಒಳಗೆ ಓಡಿಸಿ, ವಾಪಸ್ ತಿರುಗಿಸಿ ಕತ್ತರಿಸಿದರೆ ಬಿಚ್ಚುವುದಿಲ್ಲ.

ಗ್ರಾಫನ್ನೂ ಹೊಸದಾಗಿ ಬರೆದೆ. 30ನ್ನು 22ರಿಂದ ಭಾಗಿಸಿದರೆ 1.36, 25 ಸಾಲಿನ ಗೋಪುರಕ್ಕೆ 34 ಸಾಲು ಬೇಕು. ಒಂಬತ್ತು ಸಾಲನ್ನು ಎರಡೆರಡು ಸಲ ಹಾಕಿದರೆ ಲೆಕ್ಕ ಸರಿಯಾಗುತ್ತದೆ, ಆದರೆ ಮೆಟ್ಟಿಲು ಅಂಕುಡೊಂಕು ಕಾಣುತ್ತದೆ. ಅಕ್ಕಾರೇ ಕೂತು 25ಕ್ಕೆ 34ರ ಮನೆಯಲ್ಲಿ ಕೈಯಿಂದ ತಿದ್ದಿ ಕೊಟ್ಟರು. ಅಂಥ ಕೆಲಸ ಕ್ಯಾಲ್ಕುಲೇಟರಿನಿಂದ ಆಗುವುದಿಲ್ಲ.

ಆರು ಬದಲು ಮುಂದೆ ಮೂರು ಮಾತ್ರ ಹಾಕಿದೆ. ಮೂರು ಗೋಪುರ, ನಡುವೆ ಒಂದೊಂದರಂತೆ ಎರಡು ಖಾಲಿ ಕುಣಿಕೆ, ಒಟ್ಟು 77. ಎದೆಯಲ್ಲಿರುವುದು 78. ಉಳಿದ ಒಂದು ಎಡಕ್ಕೆ ಹೋಯಿತು, ಅಂದರೆ ಚಿತ್ರ ನಡುವಿನಿಂದ ಅರ್ಧ ಕುಣಿಕೆ, 2.3 ಮಿ.ಮೀ., ಬಲಕ್ಕೆ. ಲೇಥಿನ ಮೇಲೆ ಅಷ್ಟು ತಪ್ಪಿದರೆ ಜಾಬ್ ಸ್ಕ್ರ್ಯಾಪು. ಇಲ್ಲಿ ಮಾಡಿದವನಿಗೆ ಬಿಟ್ಟು ಯಾರಿಗೂ ಕಾಣುವುದಿಲ್ಲ, ನನಗೆ ಮಾತ್ರ ಪ್ರತಿ ಸಲ ಕಾಣುತ್ತದೆ.

ಅಕ್ಟೋಬರ್. ತೋಳು

ದಾರದಿಂದ 46, ಕಂಕುಳಿನಿಂದ 6. ಕಂಕುಳಿನ ಎರಡು ಮೂಲೆಯಲ್ಲಿ ಖಂಡಿತ ತೂತು ಬೀಳುತ್ತದೆ. ಅಲ್ಲಿ ಒಂದೊಂದು ಹೆಚ್ಚಿನ ಕುಣಿಕೆ ಎತ್ತಿ, ಮುಂದಿನ ಸುತ್ತಿನಲ್ಲಿ ಪಕ್ಕದ್ದರ ಜೊತೆ ಕೂಡಿಸಿ ಹೆಣೆದರೆ ಮುಚ್ಚಿಹೋಗುತ್ತದೆ. 52ರಿಂದ 36ಕ್ಕೆ ಇಳಿಸಬೇಕು: 9 ಸುತ್ತಿಗೊಮ್ಮೆ 2 ಕಡಿಮೆ, ಎಂಟು ಬಾರಿ. ಒಟ್ಟು 81 ಸುತ್ತು, 27 ಸೆಂ.ಮೀ., ಮೇಲೆ 5 ಸೆಂ.ಮೀ. ಮಣಿಕಟ್ಟಿನ ಬಾರ್ಡರ್.

ಎರಡನೇ ತೋಳಿಗೂ 81 ಎಣಿಸಿಯೇ ಹೆಣೆದದ್ದು. ಪಕ್ಕಪಕ್ಕ ಇಟ್ಟರೆ ಒಂದೂವರೆ ಸೆಂ.ಮೀ.ಗಿಂತ ಹೆಚ್ಚು ಗಿಡ್ಡ. ಅಳೆದರೆ 10 ಸೆಂ.ಮೀ.ಗೆ 32 ಸಾಲು. ಆ ವಾರ ವರ್ಕ್‌ಶಾಪಿನಲ್ಲಿ ಅರ್ಜೆಂಟ್ ಆರ್ಡರ್ ಇತ್ತು, ರಾತ್ರಿ ಬಂದು ಹಲ್ಲು ಕಚ್ಚಿ ಹೆಣೆದಿದ್ದೆ. ಬಾರ್ಡರ್ ಬಿಚ್ಚಿ 5 ಸುತ್ತು ಕೂಡಿಸಿದೆ.

ಅಷ್ಟರಲ್ಲಿ ಉಲ್ಲನ್ ಮುಗಿಯಿತು. ಅಂಗಡಿಯಲ್ಲಿ ಅದೇ ಕಂಪನಿ, ಅದೇ ಶೇಡ್ ನಂಬರ್ ಇತ್ತು, ಲಾಟ್ ಬೇರೆ. ಬಿಸಿಲಿಗೆ ಹಿಡಿದರೆ ಹೊಸದು ಲಿಂಬಿ ಹಣ್ಣಿನ ಕಡೆಗೆ. ಗುಂಪಿನಲ್ಲಿ ಕೇಳಿದೆ. ಪಾಕೀಟಿನಲ್ಲಿ ಪಾಲು ತಗೊಂಡಿದ್ದ ಗೋಕಾಕದ ಟೀಚರ ಹತ್ತಿರ ಒಂದು ಪೂರ್ತಿ ಉಂಡೆ ಉಳಿದಿತ್ತು. ಬೆಳಗಾವಿ ಬಸ್ಸಿಗೆ ಕೊಟ್ಟು ಕಳಿಸಿದರು, ಸ್ಟ್ಯಾಂಡಿಗೆ ಹೋಗಿ ಇಸಕೊಂಡೆ. ಉಂಡೆಯ ರೊಕ್ಕ ತಗೊಳ್ಳಲಿಲ್ಲ, ತಂದವರ ಚಹಾಕ್ಕೆ 20 ರೂಪಾಯಿ ನಾನು ಕೊಟ್ಟೆ.

ಅಕ್ಟೋಬರ್ 26. ಒಗೆದದ್ದು, ಖರ್ಚು

ತಣ್ಣೀರಿನಲ್ಲಿ ಹಗುರ ಸೋಪಿನಿಂದ ಒಗೆದು, ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿದೆ. ಮನೆಯವಳು ಗೊತ್ತಿಲ್ಲದೆ ಹಗ್ಗದ ಮೇಲೆ ಹಾಕಿದ್ದಳು. ನಾನು ನೋಡುವ ಹೊತ್ತಿಗೆ ಒದ್ದೆ ಭಾರಕ್ಕೆ ಉದ್ದ 2 ಸೆಂ.ಮೀ. ಇಳಿದಿತ್ತು. ಚಾಪೆಯ ಮೇಲೆ ಹರಡಿ ಕೈಯಿಂದ ಕೂಡಿಸಿಟ್ಟೆ, ಒಂದು ಸೆಂ.ಮೀ. ವಾಪಸ್ ಬಂತು. ಇನ್ನೊಂದು ಬರಲಿಲ್ಲ. ಬೆಳೆಯುವ ಹುಡುಗಿ, ಇರಲಿ.

ಉಲ್ಲನ್ 280, ಕಡ್ಡಿ 290, ಸೂಜಿ 15, ಚಹಾ 20, ಒಟ್ಟು 605. ಕರಿ ಉಣ್ಣೆ ಸೇರಿಸಿದರೆ 725. ಚಳಿಗಾಲದಲ್ಲಿ ಟಿಬೆಟಿಯನ್ನರು ಹಾಕುವ ಸ್ವೆಟರ್ ಅಂಗಡಿಗಳಲ್ಲಿ ಚೌಕಾಸಿ ಮಾಡಿದರೆ ಇದಕ್ಕಿಂತ ಕಡಿಮೆಗೆ ಸಿಗುತ್ತದೆ. ರೊಕ್ಕ ಉಳಿಸಲು ಹೆಣೆಯುವವರು ಹೆಣೆಯಬೇಡಿ.

ನವೆಂಬರ್ 1ಕ್ಕೆ ಹಾಕಿಕೊಂಡು ಹೋದಳು. ಮೆರವಣಿಗೆಯ ಗದ್ದಲದಲ್ಲಿ ಸೆಕೆ ಅಂತ ಹತ್ತು ನಿಮಿಷಕ್ಕೆ ತೆಗೆದು ಸೊಂಟಕ್ಕೆ ಕಟ್ಟಿಕೊಂಡಳು, ಗೋಪುರ ಒಳಗೆ, ತೋಳು ಹೊರಗೆ. ಕೆಳಗಿನ ಬಾರ್ಡರ್ ಕೂತಾಗ ಸ್ವಲ್ಪ ಮೇಲಕ್ಕೆ ಮಡಚುತ್ತದೆ. ಅದನ್ನು ಬಿಚ್ಚಿ 144 ಕುಣಿಕೆಗೆ ಇಳಿಸಿ ಮತ್ತೆ ಹೆಣೆಯುವುದು ಬಾಕಿ ಇದೆ.

ಗುಂಪಿನ ಮುಂದಿನ ಕೆಲಸ ಮುಂದೆ ಬಟನ್ ಇರುವ ಸ್ವೆಟರ್. ಕಾಕು ತಮ್ಮ ಅಳತೆ ಕಳಿಸಿದ್ದಾರೆ: ಎದೆ 40 ಇಂಚು, ಸಡಿಲು 2, ಬಣ್ಣ ಚಾಕ್ಲೇಟು. ಅವರ ಕೈ 10 ಸೆಂ.ಮೀ.ಗೆ 20. ಬಟನ್ ಪಟ್ಟಿ ಬಿಟ್ಟು 212 ಬರುತ್ತದೆ ಅಂದೆ. “ನಾ 210 ಹಾಕತೇನಿ,” ಅಂದರು.